ಬಿಸಿಲಪ್ಪ ಸಾರಿದ ನಾಲ್ಕನೆಯ ಮಳೆ

ಹವಾಮಾನ ಕಚೇರಿಯ ಹಿರಿಯ ಅಧಿಕಾರಿಗೆ ಊರಿನವರು ‘ಬಿಸಿಲಪ್ಪ’ ಎಂದು ಹೆಸರಿಟ್ಟದ್ದು ಒಂದೇ ದಿನದಲ್ಲಲ್ಲ. ಆ ಹೆಸರು ಪಡೆಯಲು ಅವರು ಮೂರು ಸಲ ದುಡಿದಿದ್ದರು.

ಮೊದಲನೆಯ ಸಲ ರೇಡಿಯೋದಲ್ಲಿ, “ಪಶ್ಚಿಮದಿಂದ ಭಾರೀ ಮಳೆಯ ದಂಡು ಹೊರಟಿದೆ, ಸೋಮವಾರದಿಂದ ಐದು ದಿನ ಎಡೆಬಿಡದ ಮಳೆ” ಎಂದು ಎಚ್ಚರಿಸಿದರು. ಶಾಲೆಗಳಿಗೆ ರಜೆ ಕೊಟ್ಟರು. ಐದು ದಿನವೂ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯಿತು. ಮಕ್ಕಳು ಸಮುದ್ರದ ದಂಡೆಯಲ್ಲಿ ಆಡಿ ಗುರುತು ಸಿಗದಷ್ಟು ಕಪ್ಪಾಗಿ ಮನೆಗೆ ಬಂದರು. ಎರಡನೆಯ ಸಲ ಮೀನು ದೋಣಿಗಳೆಲ್ಲ ನಾಲ್ಕು ದಿನ ದಡದಲ್ಲೇ ನಿಂತವು. ನೀರು ಕನ್ನಡಿಯಂತಿತ್ತು, ಬೆಸ್ತರು ಅದರಲ್ಲಿ ತಮ್ಮ ಸಿಟ್ಟಿನ ಮುಖ ನೋಡಿಕೊಂಡರು. ಮೂರನೆಯ ಸಲ ಛತ್ರಿ ಅಂಗಡಿಯವನು ಅವರ ಮಾತು ನಂಬಿ ಒಂದು ಲಾರಿ ತುಂಬ ಛತ್ರಿ ತರಿಸಿದ. ಒಂದು ಹನಿಯೂ ಬೀಳಲಿಲ್ಲ. ಆದರೆ ಬಿಸಿಲು ಎಷ್ಟು ಚುರುಕಾಗಿತ್ತೆಂದರೆ ಜನ ಬಿಸಿಲಿಗೆ ಹಿಡಿಯಲಿಕ್ಕೇ ಅಷ್ಟೂ ಛತ್ರಿಗಳನ್ನು ಕೊಂಡುಕೊಂಡರು. “ಎಲ್ಲ ಬಿಸಿಲಪ್ಪನವರ ದಯೆ” ಎಂದು ಅಂಗಡಿಯವನು ಬೀದಿಗೆಲ್ಲ ಕೇಳುವಂತೆ ಕೈಮುಗಿದ. ಅಂದಿನಿಂದ ಅವರ ಹುಟ್ಟುಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ತಪ್ಪು ಪೂರ್ತಿ ಅವರದಲ್ಲ. ಪಶ್ಚಿಮದ ಸಾಗರದ ಮೇಲೆ ನಲವತ್ತು ಐವತ್ತು ದಿನಕ್ಕೊಮ್ಮೆ ಮೋಡಗಳು ಒಟ್ಟುಗೂಡಿ ಒಂದು ದೊಡ್ಡ ದಂಡು ಕಟ್ಟುತ್ತವೆ. ಅದರ ಅಗಲ ಸಾವಿರಾರು ಮೈಲಿ. ಸೈಕಲ್ ತುಳಿಯುವವನ ವೇಗದಲ್ಲಿ ಅದು ಪೂರ್ವಕ್ಕೆ ಸಾಗುತ್ತದೆ. ತೆರೆದ ಸಮುದ್ರದಲ್ಲಿ ಅದನ್ನು ತಡೆಯುವವರಿಲ್ಲ. ಆದರೆ ಈ ಊರಿರುವ ದ್ವೀಪಕ್ಕೆ ಬರಬೇಕಾದರೆ ಬೆಟ್ಟಗಳಿಂದ ತುಂಬಿದ ದ್ವೀಪಗಳ ಸಾಲನ್ನೇ ದಾಟಬೇಕು. ಅಲ್ಲಿಗೆ ಬಂದಾಗ ಎಷ್ಟೋ ಸಲ ದಂಡು ಕಾಲೆಳೆಯುತ್ತದೆ, ಹರಿದು ಚೂರಾಗುತ್ತದೆ, ಹೇಳಹೆಸರಿಲ್ಲದಂತೆ ಹೋಗುತ್ತದೆ. ಉಳಿದ ಸಲ ದಾಟಿ ಬಂದು ಊರನ್ನು ತೊಯ್ಯಿಸಿ ತೊಪ್ಪೆ ಮಾಡುತ್ತದೆ. ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ ಎಂದು ಮುಂಚೆಯೇ ಹೇಳುವುದು ಬಿಸಿಲಪ್ಪನವರ ಕೆಲಸ. ದೊಡ್ಡ ದೊಡ್ಡ ದೇಶಗಳ ಕಂಪ್ಯೂಟರುಗಳೂ ಈ ಜಾಗದಲ್ಲಿ ಮುಗ್ಗರಿಸುತ್ತಿದ್ದವು. ಆದರೆ ಕಂಪ್ಯೂಟರಿಗೆ ಯಾರೂ ಅಡ್ಡಹೆಸರಿಡುವುದಿಲ್ಲ.

ಹೊರಗಿನವರ ನಗೆಯನ್ನು ಅವರು ಹೇಗೋ ತಡೆದುಕೊಂಡಿದ್ದರು. ಮನೆಯಲ್ಲಿ ಹಾಗಲ್ಲ. ಅವರ ಹೆಂಡತಿ ಲಾಂಡ್ರಿ ನಡೆಸುತ್ತಿದ್ದರು. ಬಂದರಿನ ತಿರುವಿನಲ್ಲಿದ್ದ ಮೂರಂತಸ್ತಿನ ಕಟ್ಟಡದ ಕೆಳಗೆ ಒಗೆಯುವ ಯಂತ್ರಗಳು ಮತ್ತು ಇಸ್ತ್ರಿಯ ಹಜಾರ, ನಡುವೆ ಮನೆ, ಮೇಲೆ ತಾರಸಿಯಲ್ಲಿ ಹನ್ನೊಂದು ಹಗ್ಗಗಳು. ಎರಡು ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಯ ಕೋಟುಗಳು, ಹಡಗಿನವರ ಅಂಗಿಗಳು ದಿನವೂ ಆ ಹಗ್ಗಗಳ ಮೇಲೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಗಂಡ ರೇಡಿಯೋದಲ್ಲಿ ಮಳೆ ಎಂದರೆ ಹೆಂಡತಿ ಅವತ್ತು ಒಂದು ಬುಟ್ಟಿ ಬಟ್ಟೆ ಹೆಚ್ಚಿಗೆ ಒಣಹಾಕುತ್ತಿದ್ದರು.

“ನಿನಗೆ ನನ್ನ ಮೇಲೆ ಎಳ್ಳಷ್ಟಾದ್ರೂ ನಂಬಿಕೆ ಇಲ್ವಲ್ಲೇ?” ಎಂದು ಅವರು ಒಮ್ಮೆ ಕೇಳಿದ್ದರು.

“ನಿಮ್ಮ ಮೇಲೆ ಇದೆ ಕಣ್ರೀ. ನಿಮ್ಮ ಮಳೆ ಮೇಲೆ ಇಲ್ಲ” ಎಂದು ಆಕೆ ಬಾಯಲ್ಲಿದ್ದ ಕ್ಲಿಪ್ಪು ತೆಗೆದು ಹೇಳಿದ್ದರು.

ಆಕೆಗೆ ಗೊತ್ತಿದ್ದ ಮಳೆ ಒಂದೇ. ದಿನವೂ ಮಧ್ಯಾಹ್ನ ಮೂರು ಗಂಟೆಗೆ ಊರ ಹಿಂದಿನ ಬೆಟ್ಟದ ತಲೆ ಕಪ್ಪಾಗುತ್ತಿತ್ತು, ಗುಡುಗುತ್ತಿತ್ತು, ಬೆಟ್ಟದ ಮೇಲೇ ಮುಕ್ಕಾಲು ಗಂಟೆ ಸುರಿದು ನಿಲ್ಲುತ್ತಿತ್ತು. ಗಾಳಿ ತಿರುಗಿದರೆ ನಾಲ್ಕು ಹನಿ ಊರಿಗೂ ಬಿದ್ದೀತೆಂದು ಎರಡೂವರೆಗೆ ಆಕೆ ಬಟ್ಟೆ ತೆಗೆದು ಒಳಗಿಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿಂಬಿನ ಚೀಲವೂ ನೆನೆದದ್ದಿಲ್ಲ. ಈ ಮಾತನ್ನು ಆಕೆ ಊಟಕ್ಕೆ ಬಡಿಸುವಾಗಲೆಲ್ಲ ಹೇಳುತ್ತಿರಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಹೇಳುತ್ತಿದ್ದರು.

ನಾಲ್ಕನೆಯ ದಂಡು ಹೊರಟಾಗ ಕಚೇರಿಯ ಮುಖ್ಯಸ್ಥೆ ಬಿಸಿಲಪ್ಪನವರನ್ನು ತಮ್ಮ ಕೋಣೆಗೆ ಕರೆದರು. ಆಕೆ ಅವರಿಗಿಂತ ಹದಿನೆಂಟು ವರ್ಷ ಚಿಕ್ಕವರು, ಅವರ ಕೈಕೆಳಗೇ ಕೆಲಸ ಕಲಿತವರು. ಅವರನ್ನು ಬಯ್ಯಬೇಕಾದಾಗ ಮೊದಲು ಕುರ್ಚಿ ಕೊಡುತ್ತಿದ್ದರು. ಅಂದೂ ಕುರ್ಚಿ ಕೊಟ್ಟರು. ಪರದೆಯ ಮೇಲೆ ಉಪಗ್ರಹದ ಚಿತ್ರವಿತ್ತು. ಪಶ್ಚಿಮದ ಸಮುದ್ರದ ಮೇಲೆ ಬೆಳ್ಳಗೆ, ಚೆಲ್ಲಿದ ಹಾಲಿನ ಹಾಗೆ, ದಂಡು ಹರಡಿಕೊಂಡಿತ್ತು.

“ಸರ್, ಈ ಸಲ ಏನು ಹೇಳೋಣ?”

ಬಿಸಿಲಪ್ಪನವರು ಕನ್ನಡಕ ಒರೆಸಿಕೊಂಡರು. “ದಾಟಲ್ಲ ಮೇಡಂ. ದ್ವೀಪಗಳ ಮೇಲೆಲ್ಲ ಮಧ್ಯಾಹ್ನದ ಮಳೆ ಜೋರಾಗಿದೆ. ನಮ್ಮ ಬೆಟ್ಟದ ಮೇಲೂ ನಿನ್ನೆ ಎರಡು ಪಟ್ಟು ಬಿದ್ದಿದೆ. ನೆಲ ಹೀಗೆ ದಿನಾ ಕುಡಿದುಬಿಟ್ರೆ ದಂಡಿಗೆ ಏನು ಉಳಿಯುತ್ತೆ?”

“ಹಾಗಾದ್ರೆ ಸುಮ್ಮನಿರೋಣ” ಎಂದು ಮುಖ್ಯಸ್ಥೆ ನಿಟ್ಟುಸಿರಿಟ್ಟರು. ಇಬ್ಬರಿಗೂ ಅದು ನೆಮ್ಮದಿಯ ಸೋಮವಾರವಾಗಿತ್ತು.

ನೆಮ್ಮದಿ ಮಂಗಳವಾರ ಹನ್ನೊಂದು ಗಂಟೆಯವರೆಗೆ ಬಾಳಿತು. ಆಗ ಪುರಸಭೆಯ ಅಧ್ಯಕ್ಷರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ಊರಿಗೆ ಹೊಸ ಬಯಲು ರಂಗಮಂದಿರ ಕಟ್ಟಿಸಿದ್ದರು. ನೆಲವನ್ನು ಬಟ್ಟಲಿನಂತೆ ಅಗೆದು ಸುತ್ತ ಕಲ್ಲಿನ ಮೆಟ್ಟಿಲುಗಳು, ನಡುವೆ ವೇದಿಕೆ. ಶನಿವಾರ ಸಂಜೆ ನಾಲ್ಕಕ್ಕೆ ಉದ್ಘಾಟನೆ. ಮುನ್ನೂರು ಕುರ್ಚಿಗಳು ಬಂದಿದ್ದವು, ಅವುಗಳ ಬಿಳಿಯ ಮುಸುಕುಗಳು ಒಗೆಯಲು ಬಿಸಿಲಪ್ಪನವರ ಹೆಂಡತಿಯ ಲಾಂಡ್ರಿಗೇ ಹೋಗಿದ್ದವು.

“ನಿಮ್ಮಿಂದ ಒಂದು ಉಪಕಾರ ಆಗಬೇಕು” ಎಂದರು ಅಧ್ಯಕ್ಷರು. “ಶನಿವಾರ ಭಾರೀ ಮಳೆ ಬರುತ್ತೆ ಅಂತ ರೇಡಿಯೋದಲ್ಲಿ ಹೇಳಿಬಿಡಿ.”

ಬಿಸಿಲಪ್ಪನವರಿಗೆ ಅರ್ಥವಾಗಲಿಲ್ಲ. “ಶನಿವಾರ ಮಳೆ ಇಲ್ವಲ್ಲ.”

ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. “ಅಯ್ಯೋ! ಹಾಗನ್ನಬೇಡಿ ಮಹರಾಯ್ರೇ! ನೀವು ಇಲ್ಲ ಅಂದ್ರೆ ಬಂದೇ ಬರುತ್ತೆ. ಬರುತ್ತೆ ಅನ್ನಿ, ಬರಲ್ಲ. ಮೂರು ಸಲ ಮಾಡಿದೀರಲ್ಲ, ನಾಲ್ಕನೇ ಸಲ ಏನು ಕಷ್ಟ?”

“ನಾನೇನು ಮಂತ್ರ ಹಾಕೋನಾ? ಇದು ಸರ್ಕಾರಿ ಕಚೇರಿ. ಇದ್ದದ್ದನ್ನ ಇದ್ದ ಹಾಗೆ ಹೇಳೋದು.”

“ಇದ್ದದ್ದನ್ನ ಯಾವತ್ತು ಹೇಳಿದೀರಿ ಹೇಳಿ ನೋಡೋಣ?”

ಪಕ್ಕದ ಮೇಜಿನವರು ಕಡತದ ಹಿಂದೆ ಮುಖ ಮುಚ್ಚಿಕೊಂಡರು, ಕಡತ ಕುಲುಕುತ್ತಿತ್ತು. ಬಿಸಿಲಪ್ಪನವರು ಎದ್ದು ನಿಂತು, “ಸುಳ್ಳು ಮುನ್ಸೂಚನೆ ಕೊಡೋದಿಲ್ಲ. ತಾವಿನ್ನು ಹೊರಡಬಹುದು” ಎಂದರು. ತಮ್ಮ ಜೀವಮಾನದಲ್ಲೇ ಅವರು ಯಾರೊಂದಿಗೂ ಅಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ. ಅಧ್ಯಕ್ಷರು ಬಾಗಿಲಲ್ಲಿ ತಿರುಗಿ ನಿಂತು ಕೈಮುಗಿದು, “ಯೋಚನೆ ಮಾಡಿ, ಯೋಚನೆ ಮಾಡಿ” ಎನ್ನುತ್ತ ಇಳಿದುಹೋದರು.

ಬುಧವಾರ ಮಧ್ಯಾಹ್ನ ಬಿಸಿಲಪ್ಪನವರು ಊಟಕ್ಕೆ ಮನೆಗೆ ಬಂದರೆ ಊಟವಿರಲಿಲ್ಲ. ಹೆಂಡತಿ ತಾರಸಿಯಲ್ಲಿದ್ದರು. ಮೇಲೆ ಹೋಗಿ ನೋಡಿದರೆ, ಹನ್ನೊಂದು ಹಗ್ಗಗಳ ಮೇಲೂ ಕುರ್ಚಿ ಮುಸುಕುಗಳು ಸಾಲಾಗಿ ನೇತಾಡುತ್ತಿದ್ದವು, ಹೆಂಡತಿ ಒಂದೊಂದರ ಅಂಚನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದರು.

“ಇದೇನಾಗಿದೆ ಈ ಬಿಸಿಲಿಗೆ? ಬೆಳಗ್ಗೆ ಏಳಕ್ಕೆ ಹಾಕಿದ್ದು. ಯಾವಾಗಲೂ ಹನ್ನೊಂದಕ್ಕೆ ಗರಿಗರಿ ಆಗೋದು. ಈಗ ಗಂಟೆ ಎರಡು, ಇನ್ನೂ ಹಸಿ ಹಸಿ. ಮೊನ್ನೆ ಸಂಜೆಯಿಂದ ಇದೇ ಗೋಳು. ಬಿಸಿಲಿಗೆ ಯಾರೋ ನೀರು ಬೆರೆಸಿದ ಹಾಗಿದೆ.”

ಬಿಸಿಲಪ್ಪನವರು ತಲೆಯೆತ್ತಿದರು. ಬಹಳ ಎತ್ತರದಲ್ಲಿ, ಇದೆಯೋ ಇಲ್ಲವೋ ಎಂಬಂತೆ, ಮಾಸಲು ಬಿಳಿಯ ಪರದೆಯೊಂದು ಇಡೀ ಆಕಾಶಕ್ಕೆ ಹರಡಿತ್ತು. ಸೂರ್ಯ ಅದರ ಹಿಂದೆ ಹಳೆಯ ಬಲ್ಬಿನಂತೆ ಕಾಣುತ್ತಿದ್ದ.

“ನಿನ್ನೆ ಮೂರು ಗಂಟೆಗೆ ಬೆಟ್ಟದ ಮೇಲೆ ಮಳೆ ಬಂತಾ?” ಎಂದು ಅವರು ಕೇಳಿದರು.

“ಎಲ್ಲಿ ಬಂತು? ಎರಡೂವರೆಗೆ ಎಲ್ಲ ಎಳೆದು ಒಳಗೆ ಹಾಕಿದ್ದೇ ಬಂತು. ಒಂದು ಗುಡುಗೂ ಇಲ್ಲ. ಬಂದಿದ್ರೆ ಬಂತು ಅನ್ನಬಹುದು. ಬರೋದೂ ಇಲ್ಲ, ಒಣಗೋದೂ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ... ರೀ, ಎಲ್ಲಿಗೆ ಓಡ್ತೀರಿ?”

ಬಿಸಿಲಪ್ಪನವರು ಕೆಳಗೆ ಓಡಿಹೋಗಿ ಹೆಂಡತಿಯ ತಮ್ಮನಿಗೆ ಫೋನು ಹಚ್ಚಿದ್ದರು. ಭಾವಮೈದುನ ಮೀನು ದೋಣಿಯ ಚಾಲಕ. ಆಗತಾನೆ ದಡಕ್ಕೆ ಬಂದು ಬಲೆ ಕೊಡವುತ್ತಿದ್ದ.

“ಭಾವ, ನೀವಾ? ಮತ್ತೆ ಮಳೆ ಅಂತೀರಾ?”

“ನಾನೇನೂ ಅನ್ನಲ್ಲ ಮಾರಾಯ. ನೀನು ಹೇಳು. ಸಮುದ್ರದ ಮೇಲೆ ಬೆಳಗಿನ ಮಳೆ ಹೇಗಿದೆ?”

“ಕೇಳಬೇಡಿ. ಯಾವಾಗಲೂ ನಸುಕಿಗೆ ಒಂದಿಷ್ಟು ಹೊಡೆದು, ಸೂರ್ಯ ಬಂದ ಮೇಲೆ ಬಿಡೋದು. ನಿನ್ನೆ, ಇವತ್ತು ಮಧ್ಯಾಹ್ನದವರೆಗೂ ಬಿಟ್ಟಿಲ್ಲ. ಆಚೆ ದ್ವೀಪಕ್ಕೂ ನಮಗೂ ನಡುವೆ ಪೂರ್ತಿ ಮಸುಕು. ತೊಟ್ಟಿದ್ದ ಅಂಗಿ ಮೈಮೇಲೇ ಕೊಳೆಯೋ ಹಾಗಾಗಿದೆ.”

ಬಿಸಿಲಪ್ಪನವರು ಫೋನು ಇಟ್ಟು ಮೆಟ್ಟಿಲ ಮೇಲೇ ಕುಳಿತುಬಿಟ್ಟರು. ಹಿಂದೆಯೇ ಇಳಿದು ಬಂದ ಹೆಂಡತಿ ಗಾಬರಿಯಿಂದ ಅವರ ಭುಜ ಹಿಡಿದರು. “ಏನಾಯ್ತು? ತಮ್ಮನಿಗೇನಾದ್ರೂ...?”

“ಅವನಿಗೇನೂ ಆಗಿಲ್ಲ. ಇಲ್ಲಿ ಕೂತ್ಕೋ. ನೀನು ಈಗ ಹೇಳಿದ್ದನ್ನ ನಾನು ಇಪ್ಪತ್ತಾರು ವರ್ಷದಿಂದ ಹುಡುಕ್ತಾ ಇದ್ದೆ.”

“ಬಟ್ಟೆ ಒಣಗಲಿಲ್ಲ ಅನ್ನೋದನ್ನ?”

“ಹ್ಞೂಂ. ನೋಡು, ಬಿಸಿಲಿಗೆ ನೆಲ ಬೇಗ ಕಾಯುತ್ತೆ, ಸಮುದ್ರ ಕಾಯಲ್ಲ. ನೆಲ ಕಾದಾಗ ಸಮುದ್ರದ ಹಸಿ ಗಾಳಿಯನ್ನ ತನ್ನ ಕಡೆ ಎಳ್ಕೊಳ್ಳುತ್ತೆ. ಅದು ಬೆಟ್ಟ ಹತ್ತಿ ಮೂರು ಗಂಟೆಗೆ ಸುರಿಯುತ್ತೆ. ಎಲ್ಲ ದ್ವೀಪಗಳೂ ದಿನಾ ಇದನ್ನೇ ಮಾಡುತ್ತವೆ. ಪಾಪ, ದಂಡು ದೂರದಿಂದ ಬರ್ತಾ ಇರುತ್ತೆ. ಅದು ಬದುಕೋದೇ ಆ ಹಸಿ ಗಾಳಿ ಮೇಲೆ. ಬೆಟ್ಟಗಳು ಮೊದಲೇ ಬಾಚಿಕೊಂಡುಬಿಟ್ರೆ ಸಮುದ್ರದ ಮೇಲೆ ಮಳೆಯೇ ಆಗಲ್ಲ. ದಂಡು ಅಲ್ಲೇ ಸೊರಗಿಹೋಗುತ್ತೆ.”

“ಅತ್ತೆ ಮನೆಗೆ ಹೊರಟವಳ ಬುತ್ತಿಯನ್ನ ದಾರಿಯಲ್ಲಿರೋ ನೆಂಟರೆಲ್ಲ ತಿಂದ ಹಾಗೆ.”

“ಹಾಗೇ ಅನ್ನು. ಆದ್ರೆ ಕೆಲವು ಸಲ ದಂಡಿನ ಮುಂದಿನ ತೆಳು ಮೋಡ ಆಕಾಶಕ್ಕೆಲ್ಲ ಮುಸುಕು ಹಾಕುತ್ತೆ. ಆಗ ನೆಲ ಕಾಯಲ್ಲ. ಬೆಟ್ಟದ ಮಳೆ ನಿಲ್ಲುತ್ತೆ. ನಿನ್ನ ಬಟ್ಟೆ ಒಣಗಲ್ಲ. ಹಸಿ ಗಾಳಿ ಸಮುದ್ರದ ಮೇಲೇ ಉಳಿಯುತ್ತೆ, ಅಲ್ಲೇ ಮಳೆಯಾಗುತ್ತೆ, ನಿನ್ನ ತಮ್ಮ ನೆನೀತಾನೆ. ದಂಡು ಆ ನೀರಿನ ದಾರಿ ಹಿಡಿದು ದ್ವೀಪಗಳ ನಡುವೆ ನುಸುಳಿ ಬಂದುಬಿಡುತ್ತೆ.”

ಹೆಂಡತಿ ಎದ್ದು ಕಿಟಕಿಯಿಂದ ಆಕಾಶ ನೋಡಿದರು. ಆಮೇಲೆ, “ಯಾವಾಗ?” ಎಂದು ಕೇಳಿದರು. ಮದುವೆಯಾದ ಮೇಲೆ ಮಳೆಯ ವಿಷಯದಲ್ಲಿ ಆಕೆ ಗಂಡನಿಗೆ ಕೇಳಿದ ಮೊದಲ ಪ್ರಶ್ನೆ ಅದು.

“ಶನಿವಾರ ಮಧ್ಯಾಹ್ನದೊಳಗೆ.”

ಸಂಜೆಯ ರೇಡಿಯೋದಲ್ಲಿ ಬಿಸಿಲಪ್ಪನವರು ತಮ್ಮ ಜೀವನದ ಅತ್ಯಂತ ಖಚಿತವಾದ ಮುನ್ಸೂಚನೆ ಓದಿದರು. ಶನಿವಾರ ಮಧ್ಯಾಹ್ನದಿಂದ ಐದು ದಿನ ಭಾರೀ ಮಳೆ. ತಗ್ಗಿನ ಬೀದಿಯವರು ಸಾಮಾನು ಮೇಲಿಡಬೇಕು. ದೋಣಿಗಳು ಶುಕ್ರವಾರವೇ ಹಿಂದಿರುಗಬೇಕು. ಮುಖ್ಯಸ್ಥೆ ಮೊದಲು ಒಪ್ಪಿರಲಿಲ್ಲ. ರೇಡಾರಿನ ಚಿತ್ರ, ಬೆಟ್ಟದ ಮೇಲಿನ ಮಳೆಮಾಪಕದಲ್ಲಿ ಎರಡು ದಿನ ಬಿದ್ದಿದ್ದ ಸೊನ್ನೆ ಎಲ್ಲ ನೋಡಿದ ಮೇಲೆ, “ಈ ಸಲವೂ ಬಿಸಿಲು ಬಂದ್ರೆ ಇಬ್ಬರೂ ಸೇರಿ ಊರು ಬಿಡೋಣ ಸರ್” ಎಂದು ಸಹಿ ಹಾಕಿದ್ದರು.

ಊರು ಆ ಸುದ್ದಿಯನ್ನು ಸಂಭ್ರಮದಿಂದ ಸ್ವಾಗತಿಸಿತು. ಮೊದಲು ಬಂದ ಫೋನು ಅಧ್ಯಕ್ಷರದು. “ನೀವು ದೊಡ್ಡ ಮನುಷ್ಯರು! ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ರಿ. ನಾನು ಒಂದು ದಿನ ಕೇಳಿದ್ರೆ ನೀವು ಐದು ದಿನ ಬಿಸಿಲು ಕೊಟ್ರಿ!”

“ಅಧ್ಯಕ್ಷರೇ, ನಿಜವಾಗ್ಲೂ ಮಳೆ ಬರುತ್ತೆ!”

“ಆಹಾ! ಅದೇ ಧಾಟಿ, ಬಿಡಬೇಡಿ. ಯಾರಿಗೂ ಅನುಮಾನ ಬರಬಾರದು.”

ಗುರುವಾರ ಬೆಳಿಗ್ಗೆ ಅಧ್ಯಕ್ಷರು ರಂಗಮಂದಿರದ ಮೇಲೆ ಹಾಕಿಸಿದ್ದ ಶಾಮಿಯಾನವನ್ನು ಬಿಚ್ಚಿಸಿದರು. ಬಣ್ಣ ಬಳಿಯುವವರು ಮೂರು ಮನೆಗಳ ಹೊರಗೋಡೆಗೆ ಏಣಿ ಹಾಕಿದರು. ಹಂಚು ಬದಲಾಯಿಸಬೇಕಿದ್ದ ಬೇಕರಿಯವನು, ಇದಕ್ಕಿಂತ ಒಳ್ಳೆಯ ವಾರ ಸಿಗದು ಎಂದುಕೊಂಡು ಇಡೀ ಮಾಡು ಕಿತ್ತ. ಬಿಸಿಲಪ್ಪನವರು ಬೀದಿ ಬೀದಿ ತಿರುಗಿ ಹೇಳಿದಷ್ಟೂ ಜನ ಖುಷಿಯಾದರು. “ಇನ್ನೊಂದು ಸಲ ಹೇಳಿ ಸ್ವಾಮಿ, ಕಿವಿಗೆ ಹಿತವಾಗಿದೆ” ಎಂದಳು ಮೀನು ಒಣಗಿಸುವ ಹೆಂಗಸು, ಕಡಲ ದಂಡೆಯಲ್ಲಿ ಚಾಪೆಗಳ ಮೇಲೆ ಮೀನು ಹರಡುತ್ತ. ಅವರು ಕೂಗಾಡಿದರು, ಕೈ ಮುಗಿದರು, ಕೊನೆಗೆ ಬೇಕರಿಯವನ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತರು. ಬೇಕರಿಯವನು ಮೇಲಿನಿಂದಲೇ ಅವರಿಗೆ ಬಿಸಿ ಬನ್ನು ಕೊಡಿಸಿದ.

ಸಂಜೆ ಮನೆಗೆ ಬಂದು ಇಸ್ತ್ರಿಯ ಹಜಾರದ ಬೆಂಚಿನ ಮೇಲೆ ಕುಸಿದರು. ಹೇಳಿದ್ದು ಸುಳ್ಳಾದಾಗ ಆದ ಅವಮಾನಕ್ಕಿಂತ ನಿಜ ಹೇಳಿದಾಗ ಆದದ್ದೇ ದೊಡ್ಡದಾಗಿತ್ತು. ಬನ್ನು ಇನ್ನೂ ಕೈಯಲ್ಲೇ ಇತ್ತು.

ಹೆಂಡತಿ ಇಸ್ತ್ರಿ ಮಾಡುತ್ತಿದ್ದರು. ಮೇಜಿನ ಪಕ್ಕದಲ್ಲಿ ಕುರ್ಚಿ ಮುಸುಕುಗಳ ಎತ್ತರದ ರಾಶಿ. ಇಸ್ತ್ರಿ ಇಟ್ಟಲ್ಲೆಲ್ಲ ಹಬೆ ಬುಸ್ಸೆಂದು ಏಳುತ್ತಿತ್ತು.

“ಇದೆಲ್ಲ ಹಸೀನೇ ಅಲ್ವಾ?” ಎಂದರು ಬಿಸಿಲಪ್ಪನವರು.

“ಹಸೀನೇ. ಇಸ್ತ್ರಿಯಲ್ಲೇ ಒಣಗಿಸ್ತಿದೀನಿ. ನಾಳೆ ಹಗ್ಗಕ್ಕೆ ಏನೂ ಹಾಕಲ್ಲ.”

ಅವರು ತಲೆಯೆತ್ತಿ ನೋಡಿದರು. “ನನ್ನ ಮಾತು ನಂಬಿದ್ಯಾ?”

“ನನ್ನ ಬಟ್ಟೆ ಮಾತು ನಂಬಿದೆ. ನೀವು ಅದಕ್ಕೆ ಅರ್ಥ ಹೇಳಿದ್ರಿ, ಅಷ್ಟೆ” ಎಂದು ಆಕೆ ಮುಸುಕನ್ನು ತಿರುಗಿಸಿ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ, “ಅದನ್ನ ತಿನ್ನಿ, ಆರಿಹೋಗುತ್ತೆ” ಎಂದರು. ಬಿಸಿಲಪ್ಪನವರು ಬನ್ನು ತಿಂದರು.

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಬೀದಿಯಲ್ಲಿ ಗಲಾಟೆ ಕೇಳಿ ದಂಪತಿಗಳು ಕಿಟಕಿ ತೆರೆದರು. ಕೆಳಗೆ ಇಪ್ಪತ್ತು ಮೂವತ್ತು ಜನ ಕುತ್ತಿಗೆ ಎತ್ತಿ ತಾರಸಿಯನ್ನೇ ನೋಡುತ್ತಿದ್ದರು. ಮುಂದೆ ಮೀನು ಒಣಗಿಸುವ ಹೆಂಗಸು, ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ಅಮ್ಮಾ, ಯಾಕೆ ಹಗ್ಗ ಖಾಲಿ ಇದೆ? ಮೈಗೆ ಹುಷಾರಿಲ್ವಾ?”

“ಚೆನ್ನಾಗಿದೀನಮ್ಮ. ಮಳೆ ಬರುತ್ತಲ್ಲ, ಅದಕ್ಕೇ ಹಾಕಿಲ್ಲ.”

ಮರುಕ್ಷಣ ಎಲ್ಲರೂ ಒಟ್ಟಿಗೆ ಓಡಲು ಶುರುಮಾಡಿದರು. ಮೀನಿನ ಹೆಂಗಸು ದಂಡೆಯ ಕಡೆಗೆ, ಬಣ್ಣದವರು ಏಣಿಗಳ ಕಡೆಗೆ; ಬೇಕರಿಯವನು ಮಾತ್ರ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡು, ಮಾಡು ಕಿತ್ತ ತನ್ನ ಅಂಗಡಿಯ ಕಡೆಗೆ. ಬಂದರಿನಲ್ಲಿ ಯಾರೋ ದೋಣಿಗಳನ್ನು ಕರೆಯುವ ಗಂಟೆ ಬಾರಿಸಿದರು.

ಬಿಸಿಲಪ್ಪನವರು ಬಾಯಿ ತೆರೆದುಕೊಂಡೇ ನಿಂತಿದ್ದರು. ಬಂದರು, ಮಾರುಕಟ್ಟೆ, ಬಸ್ ನಿಲ್ದಾಣ, ಎಲ್ಲಿಂದ ನೋಡಿದರೂ ಆ ತಾರಸಿ ಕಾಣುತ್ತದೆಂಬುದು ಅವರಿಗೆ ಆಗ ಹೊಳೆಯಿತು. ಊರು ಇಷ್ಟು ವರ್ಷವೂ ಹೆಂಡತಿಯ ಹಗ್ಗ ನೋಡಿಕೊಂಡೇ ಬಾಳಿತ್ತು. ಅದು ಅವರಿಗೂ ಗೊತ್ತಿರಲಿಲ್ಲ, ಹೆಂಡತಿಗೂ ಗೊತ್ತಿರಲಿಲ್ಲ.

“ನಾನೇನು ಹೇಳಿದೆ ಅಂತ ಇವರೆಲ್ಲ ಹೀಗೆ ಓಡ್ತಿದಾರೆ?” ಎಂದು ಆಕೆ ಗಾಬರಿಯಾಗಿ ಕೇಳಿದರು.

“ನಾನು ಮೊನ್ನೆಯಿಂದ ಹೇಳಿದ್ದನ್ನೇ” ಎಂದರು ಬಿಸಿಲಪ್ಪನವರು.

ಒಂಬತ್ತು ಗಂಟೆಗೆ ಅಧ್ಯಕ್ಷರು ಬಂದರು. ಅವರು ಗಂಡನ ಕಡೆ ತಿರುಗಿಯೂ ನೋಡಲಿಲ್ಲ. “ಅಕ್ಕಾವ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಹಗ್ಗಕ್ಕೆ ಬಟ್ಟೆ ಹಾಕಿ. ಜನ ನಾಳೆ ಬರೋದೇ ಇಲ್ಲ ಅಂತಿದಾರೆ.”

“ಒಣಗೋಲ್ಲ ಸ್ವಾಮಿ.”

“ಒಣಗದಿದ್ರೆ ಬಿಡಲಿ! ಒಂದೇ ಒಂದು ಟವೆಲ್ ಆದ್ರೂ ನೇತು ಹಾಕಿ. ಕರ್ಚೀಫು? ನನ್ನದೇ ಕೊಡ್ತೀನಿ.” ಅವರು ಜೇಬಿನಿಂದ ತೆಗೆದು ಚಾಚಿದರು.

“ಊರಿಗೆ ಸುಳ್ಳು ಹೇಳಿಸ್ತೀರಾ ನನ್ನ ಕೈಲಿ?” ಆಕೆ ಕರ್ಚೀಫನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಇದು ಒಗೆದು ಎಷ್ಟು ದಿನ ಆಯ್ತು?” ಎಂದು ಕೇಳಿದರು. ಅಧ್ಯಕ್ಷರು ಅದನ್ನು ಕಸಿದುಕೊಂಡು ಜೇಬಿಗೆ ತುರುಕಿ ಹೊರಟುಹೋದರು. ಉದ್ಘಾಟನೆಯನ್ನು ಮಾತ್ರ ಮುಂದೂಡಲಿಲ್ಲ.

ಶನಿವಾರ ಬೆಳಿಗ್ಗೆ ಬೆಳಕೇ ಸರಿಯಾಗಿ ಹರಿಯಲಿಲ್ಲ. ಹತ್ತು ಗಂಟೆಗೆ ಸಮುದ್ರದ ಅಂಚು ಮಾಯವಾಯಿತು. ಹನ್ನೊಂದಕ್ಕೆ ಬಂದರಿನ ದೀಪಸ್ತಂಭ ಮಾಯವಾಯಿತು. ಹನ್ನೊಂದೂ ಕಾಲಿಗೆ ಮೊದಲ ಹನಿಗಳು ತಗಡುಗಳ ಮೇಲೆ ಟಪ್ ಟಪ್ ಎಂದವು. ಅದಾದ ಮೇಲೆ ಹನಿಗಳನ್ನು ಬೇರೆ ಬೇರೆಯಾಗಿ ಯಾರೂ ಕೇಳಲಿಲ್ಲ. ಹವಾಮಾನ ಕಚೇರಿಯಲ್ಲಿ ಮುಖ್ಯಸ್ಥೆ ಕಿಟಕಿಯಿಂದ ಕೈ ಹೊರಚಾಚಿ, ಒದ್ದೆ ಕೈಯನ್ನು ನೋಡಿಕೊಂಡು, “ಸರ್, ದಾಟಿಬಿಡ್ತು!” ಎಂದು ಕೂಗಿದರು. ಕಚೇರಿಯವರೆಲ್ಲ ಚಪ್ಪಾಳೆ ತಟ್ಟಿದರು. ಊರು ಮುಳುಗುವ ಹೊತ್ತಿನಲ್ಲಿ ಚಪ್ಪಾಳೆ ತಟ್ಟಬಾರದೆಂದು ಆಮೇಲೆ ಹೊಳೆದು ನಿಲ್ಲಿಸಿದರು.

ಆದರೆ ಊರು ಮುಳುಗಲಿಲ್ಲ. ದೋಣಿಗಳೆಲ್ಲ ಹಿಂದಿನ ಸಂಜೆಯೇ ದಡ ಸೇರಿದ್ದವು. ತಗ್ಗಿನ ಬೀದಿಯವರು ಸಾಮಾನು ಅಟ್ಟಕ್ಕೇರಿಸಿದ್ದರು. ಬೇಕರಿಯ ಮೇಲೆ ಬೆಸ್ತರೇ ನಿಂತು ಹಾಯಿಯ ಬಟ್ಟೆ ಬಿಗಿದುಕೊಟ್ಟಿದ್ದರು. ಒಳಗೆ ಒಲೆ ಆರಲಿಲ್ಲ. ಮುಳುಗಿದ್ದು ರಂಗಮಂದಿರ ಒಂದೇ. ಬಟ್ಟಲಿನ ತಳದಿಂದ ನೀರು ಹೊರಹೋಗುವ ಕೊಳವೆಯನ್ನು ಇಂಜಿನಿಯರು ನಕ್ಷೆಯಲ್ಲಿ ಬರೆದಿದ್ದರಂತೆ, ಗುತ್ತಿಗೆದಾರರು ಅದನ್ನು ಅಲಂಕಾರದ ಗೆರೆಯೆಂದು ತಿಳಿದಿದ್ದರಂತೆ. ಮಧ್ಯಾಹ್ನ ಎರಡರ ಹೊತ್ತಿಗೆ ಮುನ್ನೂರು ಕುರ್ಚಿಗಳೂ ತೇಲುತ್ತ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ, ವೇದಿಕೆಯ ಸುತ್ತ ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತಿದ್ದವು. ಮುಸುಕುಗಳು ಮಾತ್ರ ಲಾಂಡ್ರಿಯಲ್ಲಿ ಗರಿಗರಿಯಾಗಿ ಕುಳಿತಿದ್ದವು. ಮಳೆ ನಿಲ್ಲದೆ ಬಾಗಿಲು ದಾಟಿಸುವುದಿಲ್ಲ ಎಂದು ಆಕೆ ಹಟ ಹಿಡಿದಿದ್ದರು.

ಪರ ಊರಿನಿಂದ ಬಂದಿದ್ದ ನಲವತ್ತು ಅತಿಥಿಗಳನ್ನು ಕೂರಿಸಲು ಹತ್ತಿರದಲ್ಲಿ ಒಣಗಿದ್ದ ದೊಡ್ಡ ಜಾಗ ಇಸ್ತ್ರಿಯ ಹಜಾರವೊಂದೇ. ಅಧ್ಯಕ್ಷರು ಅಲ್ಲಿಗೇ ಎಲ್ಲರನ್ನೂ ಕರೆತಂದರು. ಇಸ್ತ್ರಿ ಮೇಜಿನ ಹಿಂದೆ ನಿಂತು, ಪಕ್ಕದಲ್ಲಿ ಹಬೆ ಬುಸುಗುಡುತ್ತಿರಲು, “ಈ ಭವ್ಯವಾದ ಬಯಲಿನಲ್ಲಿ...” ಎಂದು ಬರೆದುಕೊಂಡಿದ್ದ ಭಾಷಣವನ್ನೇ ಓದಿದರು. ಕತ್ತರಿ ತಂದಿದ್ದರು, ರಿಬ್ಬನ್ನು ರಂಗಮಂದಿರದಲ್ಲಿ ತೇಲುತ್ತಿತ್ತು. ಕತ್ತರಿಸಲು ಏನಾದರೂ ಸಿಗುತ್ತದೆಯೇ ಎಂದು ಸುತ್ತ ನೋಡಿ, ಗೋಡೆಯಿಂದ ಗೋಡೆಗೆ ಕಟ್ಟಿದ್ದ ಹಗ್ಗವೊಂದಕ್ಕೆ ಕತ್ತರಿ ಹಿಡಿದರು. ಫೋಟೋದವನು ಸಿದ್ಧನಾದ.

“ಅದು ನನ್ನ ಹಗ್ಗ!” ಎಂದು ಬಿಸಿಲಪ್ಪನವರ ಹೆಂಡತಿ ಗುಡುಗಿದರು. “ಮುಟ್ಟಿದ್ರೆ ನೋಡಿ!”

ಅಧ್ಯಕ್ಷರು ಹಗ್ಗ ಬಿಟ್ಟು ಗಾಳಿಯನ್ನೇ ಕತ್ತರಿಸಿದರು. ಅತಿಥಿಗಳು ಗಟ್ಟಿಯಾಗಿ ಚಪ್ಪಾಳೆ ತಟ್ಟಿದರು. ಮರುದಿನ ಪತ್ರಿಕೆಯಲ್ಲಿ ಬಂದ ಚಿತ್ರದಲ್ಲಿ ಅಧ್ಯಕ್ಷರು ಕಣ್ಣು ಮುಚ್ಚಿದ್ದರು, ಹಿಂದೆ ಆಕೆ ಕಣ್ಣು ಬಿಟ್ಟಿದ್ದರು.

ಐದು ದಿನ ಮಳೆ ಸುರಿಯಿತು. ಲಾಂಡ್ರಿಯಲ್ಲಿ ಹೋಟೆಲಿನ ಹಾಸಿಗೆ ಬಟ್ಟೆಗಳು ಬೆಟ್ಟದಷ್ಟಾದವು. ಐದನೆಯ ದಿನ ಬೆಳಿಗ್ಗೆ ಹೆಂಡತಿ ಸೊಂಟ ಹಿಡಿದುಕೊಂಡು, “ಬರೋದನ್ನ ಹೇಳಿದ್ರಿ, ಸರಿ. ಹೋಗೋದನ್ನ ಹೇಳೋರು ಯಾರು?” ಎಂದು ರೇಗಿದರು. ಬಿಸಿಲಪ್ಪನವರು ಉತ್ತರ ಕೊಡುವಷ್ಟರಲ್ಲಿ ಫೋನು ಬಂತು. ಪೂರ್ವದ ಮುಂದಿನ ದ್ವೀಪದ ಹವಾಮಾನ ಅಧಿಕಾರಿ. ಅವನಿಗೂ ಅವನ ಊರಿನಲ್ಲಿ ಒಂದು ಅಡ್ಡಹೆಸರಿತ್ತು, ಅದು ಬರೆಯುವಂಥದ್ದಲ್ಲ.

“ಅಣ್ಣಾ, ದಂಡು ನಿಮ್ಮನ್ನ ದಾಟಿ ಬಂತಂತೆ. ನಮ್ಮಲ್ಲಿಗೆ ಬರುತ್ತಾ? ನೀವು ಹೇಗೆ ಕಂಡುಹಿಡಿದ್ರಿ ಹೇಳಿ ಮಾರಾಯ್ರೇ.”

ಬಿಸಿಲಪ್ಪನವರು ಒಂದು ಗಳಿಗೆ ಯೋಚಿಸಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ಆಕೆ ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕೈಯಲ್ಲಿದ್ದ ಬಟ್ಟೆ ಹಿಂಡುತ್ತಲೇ ಕೇಳಿದರು: “ನಿಮ್ಮ ಮನೇಲಿ ಬಟ್ಟೆ ಒಣಹಾಕೋರು ಯಾರು?”

ಆಚೆ ಕಡೆ ಗೊಂದಲ. “ನಮ್ಮ ಚಿಕ್ಕಮ್ಮ. ಯಾಕೆ?”

“ಎಷ್ಟು ಗಂಟೆಗೆ ಒಣಗ್ತಿದೆ ಅಂತ ಅವರನ್ನ ಕೇಳಿ. ಮಧ್ಯಾಹ್ನ ಬೆಟ್ಟದ ಮೇಲೆ ಗುಡುಗ್ತಾ ಇದೆಯಾ ಅಂತಾನೂ ಕೇಳಿ. ಆಮೇಲೆ ಫೋನ್ ಮಾಡಿ.”

ಅರ್ಧ ಗಂಟೆಯಲ್ಲಿ ಅವನು ಮತ್ತೆ ಫೋನು ಮಾಡಿದ. ಬಟ್ಟೆ ಹತ್ತು ಗಂಟೆಗೆಲ್ಲ ಒಣಗುತ್ತಿದೆ, ಬೆಟ್ಟದ ಮೇಲೆ ದಿನವೂ ಸಿಡಿಲು ಬಡಿಯುತ್ತಿದೆ, ಮತ್ತು ಚಿಕ್ಕಮ್ಮ ‘ಇಷ್ಟು ವರ್ಷಕ್ಕೆ ಈಗ ಕೇಳಬೇಕು ಅನ್ನಿಸ್ತಾ ನಿನಗೆ?’ ಎಂದು ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಬಯ್ದರು ಎಂದು ವರದಿ ಒಪ್ಪಿಸಿದ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. “ಬರಲ್ಲ” ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ದಂಡು ಆ ದ್ವೀಪವನ್ನು ಮುಟ್ಟುವ ಮುನ್ನವೇ ಹರಿದು ಚೂರಾಯಿತು. ಆ ಅಧಿಕಾರಿಯ ಮುನ್ಸೂಚನೆ ಅವನ ಊರಿನಲ್ಲಿ ಮೊದಲ ಬಾರಿಗೆ ನಿಜವಾಯಿತು. ಹದಿನೈದು ದಿನ ಕಳೆದು ಅವನಿಂದ ಒಂದು ಕೃತಜ್ಞತೆಯ ಪತ್ರ ಬಂತು. ವಿಳಾಸದಲ್ಲಿ ಹವಾಮಾನ ಕಚೇರಿಯ ಹೆಸರಿರಲಿಲ್ಲ, ಲಾಂಡ್ರಿಯ ಹೆಸರಿತ್ತು. ಬಿಸಿಲಪ್ಪನವರು ಅದನ್ನು ಗಟ್ಟಿಯಾಗಿ ಓದಿದರು. ಹೆಂಡತಿ ಇನ್ನೊಂದು ಸಲ ಓದಿಸಿಕೊಂಡರು, ಆಮೇಲೆ ಕೈ ಒರೆಸಿಕೊಂಡು ಪತ್ರ ತೆಗೆದುಕೊಂಡು, ಚಿಕ್ಕಮ್ಮ ಹೇಗಿದ್ದಾರೆಂದು ಕೇಳಿ ಉತ್ತರ ಬರೆಯಲು ಕುಳಿತರು.